ಗೋಡೆಯ ಮೇಲಿಟ್ಟ ಮೆಣಸಿನಕಾಯಿ

ಲಂಡನ್ನಿನ ಅಂಚಿನ ಇಲ್ಫರ್ಡಿನ ನಮ್ಮ ಮನೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಇರುವ ಒಂದು ಕಪಾಟಿದೆ. ಒಗೆದ ಟವೆಲ್ಲು, ಹಾಸಿಗೆ ಬಟ್ಟೆಗಳನ್ನು ಬೆಚ್ಚಗಿಡುವ ಜಾಗ. ಈಗ ಕೆಲವು ವಾರಗಳಿಂದ ಅಲ್ಲಿ ಟವೆಲ್ಲುಗಳ ನಡುವೆ ಒಂದು ಮೊಸರಿನ ಡಬ್ಬಿ ಕೂತಿದೆ. ಡಬ್ಬಿಯಲ್ಲಿ ಮಣ್ಣು, ಮಣ್ಣಿನೊಳಗೆ ಒಂದು ಚಿಟಿಕೆ ಬ್ಯಾಡಗಿ ಮೆಣಸಿನ ಬೀಜ. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವುದಕ್ಕೂ ಮೊದಲು ಹೋಗಿ ಕಪಾಟಿನ ಬಾಗಿಲು ತೆಗೆಯುತ್ತೇನೆ. ಮಣ್ಣು ಮಣ್ಣಾಗಿಯೇ ಇರುತ್ತದೆ. ಬಾಗಿಲು ಮುಚ್ಚಿ ಕಾಫಿ ಕುಡಿದು ಮತ್ತೆ ಹೋಗಿ ತೆಗೆಯುತ್ತೇನೆ. ಅಷ್ಟರಲ್ಲಿ ಏನೂ ಆಗಿರುವುದಿಲ್ಲ.

ಬೀಜ ಕೊಟ್ಟವರು ಪಕ್ಕದ ಮನೆಯ ಅಕ್ಕಾರು. ಅವರು ಈಗಿಲ್ಲ. ತಮ್ಮ ತಾಯಿ ಧಾರವಾಡದಿಂದ ಒಂದು ಸಲ ಇಲ್ಲಿಗೆ ಬಂದಾಗ ಸೆರಗಿನ ಗಂಟಿನಲ್ಲಿ ತಂದ ಬೀಜದಿಂದ ಶುರುವಾಗಿ, ವರ್ಷ ವರ್ಷ ಹಣ್ಣಿನಿಂದ ಬೀಜ ತೆಗೆದು ಮತ್ತೆ ಬಿತ್ತಿ, ಅವರು ಕಾಪಾಡಿಕೊಂಡು ಬಂದ ಗಿಡದ ಕೊನೆಯ ಬೀಜ ಇವು. ಹಳೆಯವು. ಇವು ಏಳದಿದ್ದರೆ ಆ ಗಿಡದ ವಂಶ ಇಲ್ಲಿಗೆ ಮುಗಿಯಿತು, ಅದೂ ನನ್ನ ಕೈಯಲ್ಲಿ. ನಾನೋ ಮೊದಲೇ ಅವಸರದ ಜೀವ. ಕಾಯುವುದು ನನಗೆ ಬರುವುದಿಲ್ಲ. ಕಪಾಟಿನ ಮುಂದೆ ನಿಂತು ನಿಂತು ಸಾಕಾಗಿ, ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಿದ್ದೇನೆ.

ಅಕ್ಕಾರು ಎನ್ನುವುದು ಅವರೇ ಹೇಳಿಕೊಟ್ಟ ಹೆಸರು. ಮೊದಮೊದಲು ನಾನು ಆಂಟಿ ಎನ್ನುತ್ತಿದ್ದೆ. "ಆಂಟಿ ಅನ್ನಬ್ಯಾಡ. ದವಾಖಾನಿ ತುಂಬ ಡಾಕ್ಟರ್, ಡಾಕ್ಟರ್ ಅಂದ್ರು, ಮನಿಯೊಳಗ ಆಂಟಿ ಅಂದ್ರು. ಅಕ್ಕಾರ ಅನ್ನವ್ರು ಒಬ್ಬರಾದ್ರೂ ಬೇಕಲಾ," ಎಂದರು. ನನ್ನ ಮೈಸೂರಿನ ಬಾಯಿಗೆ ಎದುರಿನಲ್ಲಿ ಬರೀ ಅಕ್ಕಾ ಎಂದೇ ಬರುತ್ತಿತ್ತು. ಅವರ ಬೆನ್ನ ಹಿಂದೆ ಮಾತ್ರ ನಮ್ಮ ಮನೆಯಲ್ಲಿ ಅವರು ಅಕ್ಕಾರೇ ಆಗಿದ್ದರು.

ನಮ್ಮ ಪರಿಚಯವಾದದ್ದು ನನ್ನ ಒಂದು ಘನಕಾರ್ಯದಿಂದ. ಗಂಡನ ಕೆಲಸದ ವೀಸಾದ ಬಾಲ ಹಿಡಿದು ನಾನು ಈ ಊರಿಗೆ ಬಂದ ಮೊದಲ ಫೆಬ್ರವರಿ ಅದು. ಗಂಡ ಬೆಳಿಗ್ಗೆ ರೈಲು ಹಿಡಿದು ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಕೋಣೆ ಬೆಚ್ಚಗಿಡುವ ರೇಡಿಯೇಟರ್. ಏನಾದರೂ ಬೆಳೆಯಬೇಕು ಅನ್ನಿಸಿತು. ಮೆಣಸಿನಕಾಯಿ ಬೆಳೆಯುವುದು ಏನು ಮಹಾ, ನಮ್ಮೂರಿನಲ್ಲಿ ಪಾತ್ರೆ ತೊಳೆದ ನೀರು ಹೋಗುವ ಕಡೆ ತಾನಾಗಿ ಬರುತ್ತದಲ್ಲ ಎಂಬ ಧೈರ್ಯ. ಬೀಜಕ್ಕೆ ಎಲ್ಲಿಗೆ ಹೋಗುವುದು? ಮನೆಯಲ್ಲಿ ಅಮ್ಮ ಕಳಿಸಿದ ಮಜ್ಜಿಗೆ ಮೆಣಸಿನಕಾಯಿ ಇತ್ತು. ನಾಲ್ಕು ಕಾಯಿ ಸೀಳಿ ಬೀಜ ತೆಗೆದು ಕುಂಡಕ್ಕೆ ಹಾಕಿ, ಎರಡು ಮನೆಗಳ ಮುಂದಿನ ಅಂಗಳದ ನಡುವೆ ಇರುವ ಮೊಣಕಾಲೆತ್ತರದ ಇಟ್ಟಿಗೆ ಗೋಡೆಯ ಮೇಲಿಟ್ಟು, ಅದಕ್ಕೆ ನೀರು ಹಾಕುತ್ತ ಫೋನಿನಲ್ಲಿ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಉಸಿರು ಬಿಟ್ಟರೆ ಹೊಗೆ ಬರುವಂಥ ಚಳಿ.

"ಯಾವ ಬೀಜ ಹಾಕೀಯವಾ?" ಎಂದಿತು ಒಂದು ದನಿ.

ತಿರುಗಿದರೆ ಕಿವಿ ಮುಚ್ಚುವ ಉಲ್ಲನ್ ಟೋಪಿ, ಉದ್ದನೆಯ ಕೋಟು, ಕೋಟಿನ ಕೆಳಗೆ ಇಳಕಲ್ ಸೀರೆಯ ಅಂಚು. ಕನ್ನಡ ಕೇಳಿ ನನಗೆ ಅಳುವೇ ಬಂತು. ಫೋನ್ ಇಟ್ಟು, ಮಜ್ಜಿಗೆ ಮೆಣಸಿನಕಾಯಿಯ ಬೀಜ ಎಂದೆ. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. ನಗು ಬಂದರೂ ದುಃಖವಾದರೂ ಮೊದಲು ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಯಾವುದೆಂದು ತಿಳಿಯಲು ತೆರೆಯುವವರೆಗೆ ಕಾಯಬೇಕು.

"ಉಪ್ಪು ಹಾಕಿದ ಮಜ್ಜಿಗಿ ಕುಡದು, ಬಿಸಲಾಗ ಒಣಗಿ, ಅವು ಯಾವಾಗೋ ಸ್ವರ್ಗ ಸೇರ್ಯಾವ ತಂಗಿ. ಇನ್ನ ಯಾರು ಬಂದ್ರೂ ಎಬ್ಬಸಲಿಕ್ಕೆ ಆಗೂದಿಲ್ಲ. ಉಳದ ಕಾಯಿ ಕರದು ಮೊಸರನ್ನದ ಜೋಡಿ ತಿಂದುಬಿಡು."

ಒಳಗೆ ಹೋಗಿ ಒಂದು ಸಣ್ಣ ಕಾಗದದ ಪೊಟ್ಟಣ ತಂದರು. ನಾನು ಕೈ ಚಾಚಿದೆ. ಅವರು ನನ್ನ ಕೈ ಕಾಣದವರಂತೆ ಪೊಟ್ಟಣವನ್ನು ಗೋಡೆಯ ಮೇಲಿಟ್ಟು, "ತಗೋ," ಎಂದರು. ಉಪ್ಪು, ಮೆಣಸಿನಕಾಯಿಗಳನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ಆದರೆ ತಪ್ಪಿ ನಮ್ಮ ಮನೆಗೆ ಬಿದ್ದ ಟಪಾಲಿನಿಂದ ಈಕೆ ಡಾಕ್ಟರೆಂದು ಆಗಲೇ ತಿಳಿದಿತ್ತು. ನೀವೂ ಇದನ್ನೆಲ್ಲ ನಂಬ್ತೀರಾ ಎಂದು ಕೇಳಿಯೇಬಿಟ್ಟೆ.

"ನಂಬೂದಿಲ್ಲ," ಎಂದರು. "ಆದ್ರ ಬಾಜೂ ಮನಿಯವರ ಜೋಡಿ ಪರೀಕ್ಷಾ ಮಾಡಿ ನೋಡಬಾರದು."

ಅಂದಿನಿಂದ ಬೀಜ, ಕಾಯಿ, ಪುಡಿ, ಚಟ್ನಿ, ಏನೇ ಖಾರದ್ದಿರಲಿ, ನಮ್ಮ ನಡುವಿನ ವ್ಯವಹಾರವೆಲ್ಲ ಆ ಗೋಡೆಯ ಮೂಲಕವೇ. ಎದುರುಮನೆಯ ಒಬ್ಬ ಇಂಗ್ಲಿಷ್ ಮುದುಕ ಒಮ್ಮೆ ತಾನೂ ಎರಡು ಕಾಯಿ ಕೇಳಲು ಬಂದು ಕೈ ಚಾಚಿದ. ಅಕ್ಕಾರು ಗೋಡೆಯ ಮೇಲಿಟ್ಟರು. ಅವನು ಕೈಯನ್ನು ನೋಡಿಕೊಂಡ, ಕಾಯಿಯನ್ನು ನೋಡಿದ, ಇದು ಇವರ ಶಿಷ್ಟಾಚಾರವಿರಬೇಕೆಂದು ತಲೆ ಬಾಗಿ ಎತ್ತಿಕೊಂಡ. ಆಮೇಲೆ ತನ್ನ ಟೊಮ್ಯಾಟೊ ಕೊಡಲು ಬಂದಾಗಲೂ ಗೋಡೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದ. ಟೊಮ್ಯಾಟೊವನ್ನು ಕೈಗೇ ಕೊಡಬಹುದು ಎಂದು ಅವನಿಗೆ ಹೇಳಲು ಅಕ್ಕಾರಿಗೆ ಕೊನೆಯವರೆಗೂ ಮನಸ್ಸು ಬರಲಿಲ್ಲ.

ಅವರು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಯನ್ನು ಮಲಗಿಸುವುದು, ಮುಗಿದ ಮೇಲೆ ಎಬ್ಬಿಸುವುದು. ಬೇರೆಯವರು ರೋಗಿಗಳಿಗೆ ಅಂಕಿ ಎಣಿಸಲು ಹೇಳಿದರೆ, ಇವರು ಬಗ್ಗಿ ಮೆಲ್ಲಗೆ, ನಿಮ್ಮ ಹಿತ್ತಲಿನಲ್ಲಿ ಏನೇನಿದೆ ಎಂದು ಕೇಳುತ್ತಿದ್ದರಂತೆ. ಈ ಊರಿನವರಿಗೆ ಹಿತ್ತಲಿನ ಮಾತೆಂದರೆ ಹೆದರಿಕೆ ಮರೆತುಹೋಗುತ್ತದೆ. ಗುಲಾಬಿ ಇದೆ ಅನ್ನುತ್ತಾರೆ, ಬೇಲಿಯ ಹತ್ತಿರ ಒಂದು ಸೇಬಿನ ಮರ ಅನ್ನುತ್ತಾರೆ, ಆ ಮರದ ಕೆಳಗೆ ಎನ್ನುವಷ್ಟರಲ್ಲಿ ನಿದ್ದೆ.

"ಮರದ ಕೆಳಗ ಏನಿತ್ತು ಅಂತ ಯಾರೂ ಹೇಳಲೇ ಇಲ್ಲ ನೋಡು," ಎನ್ನುತ್ತಿದ್ದರು ಅಕ್ಕಾರು. "ಎದ್ದ ಮ್ಯಾಲೆ ಅವರಿಗೆ ನೆನಪಿರೂದಿಲ್ಲ. ಈ ಕಡೀ ಲಂಡನ್ನಿನ ಹಿತ್ತಲೆಲ್ಲಾ ನನಗ ಅರ್ಧರ್ಧ ಗೊತ್ತವ."

ಸ್ಟ್ರಾಟ್‌ಫರ್ಡಿಗೆ ಅವರ ಜೊತೆ ರೈಲಿನಲ್ಲಿ ಹೋಗುವಾಗ ಹಳಿಯ ಪಕ್ಕದ ಹಿತ್ತಲುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಅಕ್ಕಾರು ಕಿಟಕಿಗೆ ಹಣೆ ತಾಗಿಸಿ ನೋಡುತ್ತ ಕೂರುತ್ತಿದ್ದರು. ಒಂದು ಸೇಬಿನ ಮರ, ಅದರ ಕೆಳಗೆ ಮಕ್ಕಳ ತುಕ್ಕು ಹಿಡಿದ ಜೋಕಾಲಿ. ಅವರು ಥಟ್ಟನೆ ನನ್ನ ಮೊಣಕೈ ಮುಟ್ಟುವರು. ಇದೇ ಇರಬಹುದೇ ಎಂದು ಅವರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಇಳಿಯುವ ಸ್ಟೇಷನ್ ಎಷ್ಟೋ ಸಲ ದಾಟಿಹೋಗಿದೆ.

ನಿವೃತ್ತಿಯ ಮೇಲೆ ಅವರ ಪಾಲಿಗೆ ಎಬ್ಬಿಸುವ ಕೆಲಸ ಮಾತ್ರ ಉಳಿದಿತ್ತು. ಬೀಜ ಅವರಿಗೆ ಬೀಜವಲ್ಲ, ಮಲಗಿದವರು. ಬಿತ್ತುವ ಮೊದಲು ಒಂದು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ಹಗುರವಾದ ಮಣ್ಣಿನ ಮೇಲೆ ಬಿಡಿಬಿಡಿಯಾಗಿ ಇಟ್ಟು, ತೆಳ್ಳಗೆ ಮಣ್ಣು ಉದುರಿಸಬೇಕು. "ಕೌದಿ ಭಾರ ಆದ್ರ ಯಾರು ಏಳ್ತಾರ?" ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬೆಚ್ಚಗಿಡಬೇಕು. ಚಳಿಗಾಲದಲ್ಲಿ ಮಣ್ಣು ತಣ್ಣಗಿದ್ದರೆ ಮೆಣಸಿನ ಬೀಜ ಏಳುವುದಿಲ್ಲ, ಕೊಳೆಯುತ್ತದೆ. ಬಾಯ್ಲರಿನ ಕಪಾಟೇ ಅದಕ್ಕೆ ಬಾಣಂತಿ ಕೋಣೆ. ನೀರು ಮೇಲಿಂದ ಸುರಿಯಬಾರದು, ಡಬ್ಬಿಯ ತಳಕ್ಕೆ ತೂತು ಮಾಡಿ ತಟ್ಟೆಯ ನೀರಿನಲ್ಲಿಟ್ಟರೆ ಬೇಕಾದಷ್ಟು ತಾನೇ ಕುಡಿಯುತ್ತದೆ. "ಮಲಕೊಂಡವರ ಮಾರಿ ಮ್ಯಾಲೆ ತಂಬಿಗಿ ನೀರು ಹಾಕ್ತೀಯೇನು?" ಮೊಳಕೆ ಕಂಡ ಕ್ಷಣ ಮಾತ್ರ ಕಪಾಟಿನಿಂದ ತೆಗೆದು ಕಿಟಕಿಗೆ ತರಬೇಕು. ಮಲಗಿದವರಿಗೆ ಬೆಚ್ಚಗಿರಬೇಕು, ಎದ್ದವರಿಗೆ ಬೆಳಕು ಬೇಕು, ಇದು ಅವರ ಒಟ್ಟು ಪಾಠ.

ನಾನು ಆ ಮೊದಲ ಸಲವೇ ಐದಾರು ದಿನಕ್ಕೆ ತಾಳ್ಮೆಗೆಟ್ಟು ಚಮಚೆಯಿಂದ ಮಣ್ಣು ಕೆದಕಿ ನೋಡಿದ್ದೆ. ಅಕ್ಕಾರಿಗೆ ಡಬ್ಬಿ ನೋಡಿದ ಕೂಡಲೇ ಗೊತ್ತಾಯಿತು. "ಆಪರೇಷನ್ ನಡದಾಗ ನಡುವ ಎಬ್ಬಿಸಿ, ಹ್ಯಾಂಗದೀರಿ ಅಂತ ಕೇಳ್ತಾರೇನು?" ಎಂದು ಬೈದರು. ಆದರೂ ಅರ್ಧಕ್ಕರ್ಧ ಎದ್ದವು. ಎದ್ದ ಒಂದರ ತಲೆಯ ಮೇಲೆ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಎಳೆ ಎಲೆಗಳು ಅದರೊಳಗೆ ಸಿಕ್ಕಿ ಬಿಡಿಸಿಕೊಳ್ಳಲಾರದೆ ಇದ್ದವು. ಪಾಪ ಎಂದು ನಾನು ಉಗುರಿನಿಂದ ಎಳೆದೆ. ಎಲೆಯೂ ಸಿಪ್ಪೆಯ ಜೊತೆಗೇ ಬಂದುಬಿಟ್ಟಿತು.

"ಅದು ಕೂಸಿನ ತಲಿಗೆ ಕಟ್ಟೂ ಕುಂಚಿಗಿ," ಎಂದರು ಅಕ್ಕಾರು, ಆ ಬೋಳು ಕಡ್ಡಿಯನ್ನು ನೋಡುತ್ತ. "ನೀ ಕಸಗೊಳ್ಳಬಾರದು. ಒಂದು ಹನಿ ಬೆಚ್ಚನ್ನ ನೀರು ಇಟ್ಟು ಸುಮ್ಮನ ಕೂಡು. ಮೆತ್ತಗಾದ ಮ್ಯಾಲೆ ತಾನೇ ತಗೀತದ."

ತೆಗೆಯದಿದ್ದರೆ ಎಂದು ನಾನು ವಾದಿಸಿದೆ. ತೆಗೀತದ ಎಂದರು. ಅದೊಂದು ವಿಷಯದಲ್ಲಿ ನಮಗೆ ಪ್ರತಿ ವಸಂತಕ್ಕೂ ವಾದವಾಗುತ್ತಿತ್ತು. ಹೆಚ್ಚಿನ ಸಲ ಅವರ ಮಾತೇ ನಿಜವಾಗುತ್ತಿತ್ತೆಂದು ಇಲ್ಲಿ ಬರೆಯುತ್ತೇನೆ, ಅವರ ಮುಂದೆ ಒಪ್ಪಿಕೊಂಡವಳಲ್ಲ.

ಮೇ ತಿಂಗಳು ಬಂದರೆ ನಮ್ಮ ರಸ್ತೆಯವರಿಗೆಲ್ಲ ಒಂದು ಪುಕ್ಕಟೆ ನಾಟಕ. ಕಿಟಕಿಯಲ್ಲಿ ಬೆಳೆದ ಸಸಿಗಳನ್ನು ಒಮ್ಮೆಲೇ ಹೊರಗಿಟ್ಟರೆ ಗಾಳಿಗೆ, ಚಳಿಗೆ ಸೊರಗಿಹೋಗುತ್ತವೆ. ಹಗಲು ಹೊರಗೆ, ಸಂಜೆ ಒಳಗೆ, ಹೀಗೆ ರೂಢಿ ಮಾಡಿಸಬೇಕು. ಬೆಳಿಗ್ಗೆ ಇಬ್ಬರೂ ಕುಂಡ ಹೊತ್ತುಕೊಂಡು ಅಂಗಳಕ್ಕೆ ಬರುವುದು, ಸಂಜೆ ಇಬ್ಬರೂ ಹೊತ್ತುಕೊಂಡು ಒಳಗೆ ಹೋಗುವುದು. ಒಂದು ಸಂಜೆ ಅಕ್ಕಾರು ಕೊನೆಯ ಕುಂಡವನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟರು.

"ನಾ ಈ ದೇಶಕ್ಕ ಬಂದಾಗ," ಎಂದರು, "ನನ್ನ ಯಾರೂ ಹಿಂಗ ಸಂಜಿಗೆ ಒಳಗ ಕರಕೊಳ್ಳಲಿಲ್ಲವಾ."

ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ, ತಮ್ಮನ ಮಗನೊಬ್ಬ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಎಂಬುದೆಲ್ಲ ನನಗೆ ಗೊತ್ತಿತ್ತು. ಆದರೂ ಅವರು ಆ ಮಾತು ಆಡಿದ್ದು ಅದೊಂದೇ ಸಲ. ಊಟಕ್ಕೆ ಬನ್ನಿ ಅಕ್ಕಾ, ಸಾರು ಮಾಡಿದ್ದೀನಿ ಎಂದೆ. ಬಂದರು. ಆಮೇಲೆ ವಾರಕ್ಕೆ ಎರಡು ಮೂರು ಸಂಜೆ ಬರುವುದು ರೂಢಿಯಾಯಿತು. ನನಗೆ ಈ ಊರು ಊರೆನಿಸತೊಡಗಿದ್ದು ಆವಾಗಿನಿಂದಲೇ.

ಬೇಸಿಗೆಯ ಕೊನೆಗೆ ಕಾಯಿ ಕೆಂಪಾಗುತ್ತಿದ್ದವು. ಇಲ್ಲಿಯ ಬಿಸಿಲಿಗೆ ಬ್ಯಾಡಗಿ ಒಣಗಿ ಸುಕ್ಕಾಗುವುದು ಕನಸಿನ ಮಾತು. ಅಕ್ಕಾರು ರೇಡಿಯೇಟರಿನ ಮೇಲೆ ಪತ್ರಿಕೆ ಹಾಸಿ ಒಣಗಿಸುತ್ತಿದ್ದರು. ಕಿಟಕಿಯಾಚೆ ಅಕ್ಟೋಬರಿನ ಮಬ್ಬು, ಒಳಗೆ ಬೆಚ್ಚಗಿನ ಕೆಂಪು ಘಾಟು. ಅಲ್ಲೇ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ಊರನ್ನೆಲ್ಲ ಮಲಗಿಸಿದವರಿಗೆ ರಾತ್ರಿ ನಿದ್ದೆ ಕಡಿಮೆ. ಆ ಘಾಟಿನಲ್ಲಿ ಮಾತ್ರ ಹಗಲಲ್ಲೇ ತೂಕಡಿಕೆ ಬರುತ್ತಿತ್ತು. ಮಾತು ನಿಧಾನವಾಗುವುದು, ಅವ್ವನ ಅಡಿಗಿಮನಿ ಎನ್ನುವರು, ಒಲಿಯ ಬಾಜೂಕ ಎನ್ನುವರು, ಅಷ್ಟಕ್ಕೆ ನಿಂತುಹೋಗುವುದು. ಒಲೆಯ ಪಕ್ಕದಲ್ಲಿ ಏನಿತ್ತೋ ನನಗೆ ತಿಳಿಯಲೇ ಇಲ್ಲ. ಎಬ್ಬಿಸಲು ಮನಸ್ಸಾಗದೆ ನಾನೂ ಅಲ್ಲೇ ಕೂರುತ್ತಿದ್ದೆ. ಬೀದಿಯ ಸದ್ದು ದೂರವಾಗಿ, ಇದು ಯಾವ ಊರು, ಯಾವ ಕಾಲ ಎಂಬುದು ನನಗೂ ಸ್ವಲ್ಪ ಹೊತ್ತು ಮರೆತಿರುತ್ತಿತ್ತು.

ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುವಷ್ಟು ಒಣಗಿದ ಮೇಲೆ, ಎಲ್ಲಕ್ಕಿಂತ ಉದ್ದನೆಯ ಒಂದನ್ನು ಆರಿಸಿ ಅದರ ಬೀಜ ತೆಗೆದು ಸಣ್ಣ ಗಾಜಿನ ಸೀಸೆಗೆ ತುಂಬುತ್ತಿದ್ದರು. ಪ್ರತಿ ವರ್ಷ ಹೀಗೆ. ಹಿಂದಿನ ಎರಡು ವರ್ಷ ಮಾತ್ರ ಆ ಕ್ರಮ ತಪ್ಪಿತು. ಒಂದು ಸಲ ಸೀಸೆಯಲ್ಲಿ ಇನ್ನೂ ಇದೆಯಲ್ಲ ಎಂದು ಎಲ್ಲ ಕಾಯಿಯನ್ನೂ ಪುಡಿ ಮಾಡಿ ಹಂಚಿದರು. ನಾನೂ ನನ್ನದನ್ನೆಲ್ಲ ಅದೇ ಒರಳಿಗೆ ಸೇರಿಸಿದ್ದೆ. ಮರುವರ್ಷ ಅವರಿಗೆ ಹೊಟ್ಟೆಯ ಕಾಯಿಲೆ ಶುರುವಾಯಿತು. ಆಸ್ಪತ್ರೆಗೆ ಓಡಾಡುವುದರಲ್ಲಿ ಇಬ್ಬರ ಮನೆಯಲ್ಲೂ ಯಾರೂ ಏನೂ ಬಿತ್ತಲಿಲ್ಲ.

ಈ ಫೆಬ್ರವರಿಯಲ್ಲಿ ಅವರ ಆಪರೇಷನ್ ನಿಗದಿಯಾಯಿತು. ಆಸ್ಪತ್ರೆಗೆ ಸೇರುವ ಹಿಂದಿನ ಮಧ್ಯಾಹ್ನ ನಾನು ಅವರ ಅಡುಗೆಮನೆಯಲ್ಲಿದ್ದೆ. ಹಾಲಿನಂಥ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಸೀಸೆ, ಅದರ ತಳದಲ್ಲಿ ಒಂದು ಚಿಟಿಕೆ ಬೀಜ. ಹಿತ್ತಲಿನ ಬಾಗಿಲಾಚೆ ಖಾಲಿ ಕುಂಡಗಳು ಒಂದರೊಳಗೊಂದು ಕೂತಿದ್ದವು.

"ನಾಳೆ ನನ್ನ ಮಲಗಸೋ ಹುಡುಗಿ ಹಿತ್ತಲದ ಸುದ್ದಿ ಕೇಳಿದ್ರ ಏನು ಹೇಳಲವಾ?" ಎಂದರು. "ಏನೂ ಇಲ್ಲಲಾ."

ಅವರ ದನಿಯಲ್ಲಿ ಹೆದರಿಕೆ ಇತ್ತು. ಸಾವಿರಾರು ಜನರ ಹೆದರಿಕೆಯನ್ನು ಬಗ್ಗಿ ಕೇಳಿಕೊಂಡವರು. ಅದನ್ನು ಮರೆಮಾಡುವುದು ಅವರಿಗೇ ಬರಲಿಲ್ಲ. ನಾನು ಬಿತ್ತುತ್ತೀನಿ ಅಕ್ಕಾ, ಕೊಡಿ ಎಂದು ಎದ್ದು, ರೂಢಿಯಂತೆ ಒಂದು ಬಟ್ಟಲು ತಂದು ಅವರ ಮುಂದಿಟ್ಟೆ. ಅವರು ಬಟ್ಟಲನ್ನು ಬದಿಗೆ ಸರಿಸಿದರು. ನನ್ನ ಕೈಯನ್ನು ಎಳೆದುಕೊಂಡು, ಅಂಗೈಗೆ ಸೀಸೆಯನ್ನು ಬಗ್ಗಿಸಿ ತಟ್ಟಿದರು. ಒಂದು ಬೀಜವೂ ಉಳಿಯದಂತೆ ತಟ್ಟಿ, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ಅಕ್ಕಾ, ಕೈಗೇ ಕೊಡ್ತಿದ್ದೀರಲ್ಲ. ಜಗಳ ಆಗುತ್ತೆ."

"ಆಗಲಿ," ಎಂದರು. "ಜಗಳಾಡಬೇಕಾದ್ರ ಇಬ್ಬರೂ ಇರಬೇಕಾಗ್ತದ ನೋಡು."

ಆವತ್ತೇ ನೆನೆಹಾಕಿ ಮರುದಿನ ಬಿತ್ತಿದೆ. ಆಪರೇಷನ್ ಆಯಿತು. ಎಚ್ಚರವೂ ಆಯಿತು. ನಾನು ನೋಡಲು ಹೋದಾಗ ದಿಂಬಿನ ಮೇಲೆ ಅವರ ಮುಖ ಪುಟ್ಟದಾಗಿ ಕಾಣುತ್ತಿತ್ತು. ಕಣ್ಣು ತೆರೆಯದೆಯೇ, "ಎದ್ದಾವೇನು?" ಎಂದರು.

ಎದ್ದಿವೆ ಅಕ್ಕಾ ಎಂದುಬಿಡಲು ಬಾಯಿ ತುರಿಸಿತು. ಆದರೆ ಅವರಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. "ಇನ್ನೂ ಇಲ್ಲ," ಎಂದೆ.

"ಕೆದರಿ ನೋಡಿಲ್ಲಲಾ?"

"ಇಲ್ಲ."

"ಛಲೋ ಆತು. ಹಳೇ ಬೀಜ. ನಿದ್ದಿ ಜಾಸ್ತಿ." ನಕ್ಕರೆಂದು ಕಾಣುತ್ತದೆ, ಕಣ್ಣು ತೆರೆಯಲಿಲ್ಲ.

ಕೆಲವು ದಿನಗಳಲ್ಲಿ ಎದೆಗೆ ಸೋಂಕಾಯಿತು. ಅಕ್ಕಾರು ಹೋದರೆಂದು ಬರ್ಮಿಂಗ್‌ಹ್ಯಾಮಿನಿಂದ ಅವರ ತಮ್ಮನ ಮಗ ಫೋನ್ ಮಾಡಿ ತಿಳಿಸಿದ. ನಾನು ಕಪಾಟಿನ ಬಾಗಿಲಿಗೆ ಹಣೆಯಿಟ್ಟು ಅತ್ತೆ. ಬಹಳ ಅತ್ತೆ. ಸಂಸ್ಕಾರ ಮುಗಿಸಿ ಬಂದ ದಿನ ನಮ್ಮ ನಡುವಿನ ಗೋಡೆಯ ಮೇಲೆ ಹಳದಿ ಡ್ಯಾಫೊಡಿಲ್ ಹೂಗಳ ಒಂದು ಸಣ್ಣ ಕಟ್ಟು ಇತ್ತು. ಎದುರುಮನೆಯ ಮುದುಕ ಎರಡು ಹೆಜ್ಜೆ ಹಿಂದೆ ಸರಿದು, ಟೋಪಿ ತೆಗೆದು ನಿಂತಿದ್ದ.

ಈಗಲೂ ನನಗೆ ಅಳುವಿಗಿಂತ ಸಿಟ್ಟೇ ಹೆಚ್ಚು. ಜಗಳಕ್ಕೆ ಇಬ್ಬರೂ ಇರಬೇಕು ಎಂದವರು ಅವರು. ಮಾತು ಕೊಟ್ಟ ಹಾಗಲ್ಲವೇ ಅದು? ಬೀಜ ನನ್ನ ಕೈಗೆ ಹಾಕಿ ತಾವು ಹೋಗಿಬಿಟ್ಟರೆ ನಾನು ಯಾರ ಜೊತೆ ಜಗಳವಾಡಲಿ?

ಇಷ್ಟು ಬರೆದು ಎದ್ದುಹೋಗಿ ಕಪಾಟಿನ ಬಾಗಿಲು ತೆಗೆದೆ. ಪ್ಲಾಸ್ಟಿಕ್ಕಿನ ಒಳಗೆ ಬೆವರಿನಂಥ ಹನಿ. ಅದರ ಕೆಳಗೆ, ಡಬ್ಬಿಯ ಅಂಚಿಗೆ, ಬೆಳ್ಳಗಿನ ಒಂದು ಬಾಗಿದ ಕೊರಳು. ಒಂದೇ ಒಂದು. ತಲೆ ಇನ್ನೂ ಮಣ್ಣಿನಲ್ಲಿತ್ತು. ಡಬ್ಬಿ ಎಳೆದುಕೊಂಡ ರಭಸಕ್ಕೆ ಟವೆಲ್ಲುಗಳೆಲ್ಲ ಕೆಳಗೆ ಬಿದ್ದವು. ಡಬ್ಬಿಯನ್ನು ಅಡುಗೆಮನೆಯ ಕಿಟಕಿಗೆ ತಂದಿಟ್ಟೆ. ಬರವಣಿಗೆ ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಅದು ತಲೆಯೆತ್ತಿ ನಿಂತಿತ್ತು. ತಲೆಯ ಮೇಲೆ ಕುಂಚಿಗೆ ಗಟ್ಟಿಯಾಗಿ ಕೂತಿತ್ತು, ಎಲೆಗಳು ಒಳಗೆ ಸಿಕ್ಕಿಬಿದ್ದಿದ್ದವು. ಮಧ್ಯಾಹ್ನವಾದರೂ ಹಾಗೇ. ಈ ಊರಿನ ಬಿಸಿಲು ಕಿಟಕಿಗೆ ಬಂದು ಹೋಗುತ್ತಿತ್ತು. ನನ್ನ ಬೆರಳು ತಾನಾಗಿ ಅದರ ಹತ್ತಿರ ಹೋಯಿತು.

"ಅಕ್ಕಾ, ಇದು ತಾನಾಗಿ ಬಿಡಿಸ್ಕೊಳ್ಳೋ ಹಾಗೆ ಕಾಣ್ಸಲ್ಲ. ತೆಗೀತೀನಿ," ಎಂದೆ. ಏನು ಹೇಳುತ್ತಾರೆಂದು ನನಗೆ ಗೊತ್ತೇ ಇತ್ತು. "ಇಲ್ಲ, ಇರೋದೊಂದೇ. ಉಸಿರು ಕಟ್ಟಿ ಸತ್ರೆ ಏನ್ಮಾಡ್ಲಿ? ಹೇಳೋದಕ್ಕೆ ನಿಮಗೇನು, ನೀವೇನು ಇಲ್ಲಿದ್ದೀರಾ? ಸುಮ್ನೆ ಕೂತ್ಕೊ, ಸುಮ್ನೆ ಕೂತ್ಕೊ ಅಂತ, ಎಷ್ಟು ಅಂತ ಕೂತ್ಕೊಳ್ಳಲಿ ನಾನು?"

ದನಿ ಜೋರಾಗಿತ್ತು. ಮಹಡಿಯ ಮೇಲೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ಮೆಟ್ಟಿಲ ತುದಿಗೆ ಬಂದು, "ಯಾರ ಜೊತೆ ಕಣೇ ಜಗಳ?" ಎಂದು ಕೂಗಿದ.

"ಅಕ್ಕಾರ ಜೊತೆ."

ಅವನು ಎರಡು ಮೆಟ್ಟಿಲು ಇಳಿದ. ಆಮೇಲೆ ಮೆಲ್ಲಗೆ, "ಯಾರು ಗೆದ್ರು?" ಎಂದ.

ನಾನು ಬೆರಳನ್ನು ಹಿಂದೆ ತೆಗೆದುಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದೆ. ಆ ಕುಂಚಿಗೆಯ ಮೇಲೆ ಒಂದು ಹನಿ ಇಟ್ಟೆ. ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತೆ.

"ಅವರೇ," ಎಂದೆ.